ಎಳೆ ಎಣಿಸುವ ಕಾಯಕ

ಬಸವಾದಿ ಶರಣರ ಸಮೂಹದಲ್ಲಿ ಸೂಜಿಯನ್ನೇ ತಮ್ಮ ಹೆಸರಿನ ಭಾಗವಾಗಿ ಪಡೆದವರೊಬ್ಬರಿದ್ದಾರೆ. ಅವರು ಸೂಜಿಕಾಯಕದ ರಾಮಿತಂದೆಯವರು. ಕದಿರನ್ನೇ ಹೆಸರಾಗಿ ಧರಿಸಿದ ಕದಿರ ರೆಮ್ಮವ್ವೆಯವರಿದ್ದಾರೆ. ಹುಲ್ಲಿನಿಂದ ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ನಡೆಸಿದ ನುಲಿಯ ಚಂದಯ್ಯನವರಿದ್ದಾರೆ. ಇವರೆಲ್ಲರಿಗಿಂತ ಹಿರಿಯರಾಗಿ ಮಗ್ಗದ ಮುಂದೆ ಕುಳಿತ ಜೇಡರ ದಾಸಿಮಯ್ಯನವರಿದ್ದಾರೆ. ಕಲ್ಯಾಣವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅನುಭವ ಮಂಟಪದ ಗೋಷ್ಠಿ, ಚರ್ಚೆ, ಕ್ರಾಂತಿಯ ಕೋಲಾಹಲ. ಆದರೆ ಈ ಶರಣರ ದಿನದ ಬಹುಭಾಗ ಕಳೆದದ್ದು ಗೋಷ್ಠಿಯಲ್ಲಲ್ಲ. ರಾಟೆ, ಮಗ್ಗ, ಸೂಜಿ, ನಾರುಗಳ ಮುಂದೆ, ಮೌನದಲ್ಲಿ. ವಚನವು ಆ ಮೌನದ ಫಲ ಎಂದರೆ ತಪ್ಪಾಗಲಾರದು.

ರೆಮ್ಮವ್ವೆಯವರ ವಚನವೊಂದು ಇದಕ್ಕೆ ಸಾಕ್ಷಿಯಾಗಿದೆ. ಆ ತಾಯಿ ತಾವು ದಿನವೂ ತಿರುಗಿಸುವ ರಾಟೆಯನ್ನೇ ಎದುರಿಗಿಟ್ಟುಕೊಂಡು, ಅದರ ಒಂದೊಂದು ಭಾಗದಲ್ಲಿಯೂ ಒಂದೊಂದು ದೈವವನ್ನು, ತತ್ತ್ವವನ್ನು ಕಾಣುತ್ತಾರೆ. ಹಲಗೆಯೂ ದಾರವೂ ಅವರಿಗೆ ಬರಿಯ ಕಟ್ಟಿಗೆಯಾಗಿ, ಬರಿಯ ನೂಲಾಗಿ ಉಳಿಯುವುದಿಲ್ಲ. ಇಂತಹ ದೃಷ್ಟಿ ಒಂದು ದಿನದಲ್ಲಿ ಒದಗುವಂಥದಲ್ಲ. ಒಂದೇ ಉಪಕರಣದ ಮುಂದೆ ಸಾವಿರಾರು ದಿನ ಕುಳಿತವರಿಗೆ ಮಾತ್ರ ಆ ಉಪಕರಣ ತನ್ನ ಒಳಗನ್ನು ತೆರೆದು ತೋರಿಸುತ್ತದೆ. ರಾಟೆಯನ್ನು ಅವಸರದಿಂದ ತಿರುಗಿಸಿದರೆ ನೂಲು ತುಂಡಾಗುತ್ತದೆ. ನಿಧಾನವಾದರೆ ನೂಲು ದಪ್ಪವಾಗುತ್ತದೆ. ಆ ಹದವನ್ನು ಕೈ ಕಲಿಯುವಷ್ಟರಲ್ಲಿ ಮನಸ್ಸೂ ಕಲಿತಿರುತ್ತದೆ.

ಶರಣಬಂಧುಗಳೇ, ಇಂದು ನಮ್ಮಲ್ಲಿ ಅನೇಕರು ನೌಕರಿಯಿಂದ ನಿವೃತ್ತರಾಗಿಯೋ, ಮನೆಯ ಹೊಣೆಯಿಂದಲೋ, ಇಚ್ಛೆಯಿಂದಲೋ ಮನೆಯಲ್ಲಿಯೇ ದಿನ ಕಳೆಯುವವರಿದ್ದೇವೆ. ಕೆಲವರು ಚಿತ್ರ ಬರೆಯುತ್ತಾರೆ, ಕೆಲವರು ಕೌದಿ ಹೊಲಿಯುತ್ತಾರೆ, ಕೆಲವರು ತಡವಾಗಿ ಹಾರ್ಮೋನಿಯಂ ಕಲಿಯುತ್ತಾರೆ. ಇದನ್ನು ಜಗತ್ತು ಹವ್ಯಾಸವೆಂದು ಕರೆಯುತ್ತದೆ. ಹೊತ್ತು ಹೋಗದವರ ಕೆಲಸವೆಂದು ಸ್ವಲ್ಪ ಕರುಣೆಯಿಂದಲೇ ನೋಡುತ್ತದೆ. ಮನೆಯ ಮೂಲೆಯಲ್ಲಿ ಕುಳಿತು ನಿಧಾನವಾಗಿ ಮಾಡುವ ಇಂತಹ ಕಲೆಗೆ ಕಾಯಕವೆನ್ನಿಸಿಕೊಳ್ಳುವ ಅರ್ಹತೆಯುಂಟೆ? ಈ ಪ್ರಶ್ನೆಯನ್ನು ನಾನು ಬಲ್ಲ ಒಂದೇ ಕಲೆಯ ಮೂಲಕ, ನಮ್ಮ ಧಾರವಾಡ ಸೀಮೆಯ ಕಸೂತಿಯ ಮೂಲಕ, ವಿಚಾರಿಸಲು ಬಯಸುತ್ತೇನೆ.

ಕಸೂತಿಯ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ನೇಯ್ಗೆಯ ಎಳೆಗಳನ್ನು ಎಣಿಸಿ, ಇಷ್ಟು ಎಳೆ ಬಿಟ್ಟು ಸೂಜಿ ಚುಚ್ಚಬೇಕು, ಇಷ್ಟು ಎಳೆ ದಾಟಿ ಮೇಲೆ ತೆಗೆಯಬೇಕು. ಗೋಪುರ, ತೇರು, ಆನೆ, ನವಿಲು, ನಂದಿ, ತೊಟ್ಟಿಲು, ಕಮಲ ಎಲ್ಲವೂ ಈ ಎಣಿಕೆಯಿಂದಲೇ ಮೂಡಬೇಕು. ನೂಲಿಗೆ ಗಂಟು ಹಾಕುವಂತಿಲ್ಲ. ಆರಂಭದ ತುದಿಯನ್ನೂ ಕೊನೆಯ ತುದಿಯನ್ನೂ ಹೊಲಿಗೆಯೊಳಗೇ ಅಡಗಿಸಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಹೊಲಿಗೆ ನಾಲ್ಕು ಬಗೆ. ಇವುಗಳಲ್ಲಿ ಗವಂತಿ ಮತ್ತು ಮುರ್ಗಿ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣಿಸುತ್ತವೆ.

ಗವಂತಿಯ ಕ್ರಮವನ್ನು ತುಸು ವಿವರಿಸಬೇಕು, ಏಕೆಂದರೆ ಈ ಲೇಖನದ ಜೀವ ಅಲ್ಲಿದೆ. ಸೂಜಿ ಒಂದು ಗೆರೆಯಗುಂಟ ಹೊರಟಾಗ ಒಂದು ಹೊಲಿಗೆ ಹಾಕಿ ಅಷ್ಟೇ ತೆರಪು ಬಿಡುತ್ತದೆ. ಮತ್ತೆ ಒಂದು ಹೊಲಿಗೆ, ಮತ್ತೆ ಒಂದು ತೆರಪು. ಮುಂಭಾಗದಲ್ಲಿ ತೆರಪಿರುವಲ್ಲಿ ಹಿಂಭಾಗದಲ್ಲಿ ಹೊಲಿಗೆಯಿರುತ್ತದೆ. ಹೀಗೆ ಚಿತ್ರದ ತುದಿಯನ್ನು ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಬೇಕು; ಹೋಗುವಾಗ ಬಿಟ್ಟ ತೆರಪುಗಳನ್ನೆಲ್ಲ ಬರುವಾಗ ತುಂಬಬೇಕು. ಹೊರಟ ಸ್ಥಳಕ್ಕೆ ನೂಲು ಮರಳಿದಾಗಲೇ ಗೆರೆ ಪೂರ್ಣವಾಗುತ್ತದೆ. ಅರ್ಧ ದಾರಿಯಲ್ಲಿ ನಿಂತವರಿಗೆ ಎರಡೂ ಬದಿಯಲ್ಲಿ ಕಾಣುವುದು ಅರ್ಧ ಗೆರೆಯೇ. ನಡುವೆ ಒಂದು ಎಳೆ ಎಣಿಕೆ ತಪ್ಪಿದರೂ ಗೋಪುರದ ಎರಡು ಬದಿಗಳು ಶಿಖರದಲ್ಲಿ ಕೂಡುವುದಿಲ್ಲ. ಅಲ್ಲಿ ಎಷ್ಟು ಜಾಣ್ಮೆ ತೋರಿದರೂ ಮುಚ್ಚಲಾಗದು. ನೂಲು ಬಿಚ್ಚಿ ಹಿಂದಕ್ಕೆ ಹೋಗುವುದೊಂದೇ ದಾರಿ.

ನನ್ನ ತಾಯಿ ಮೊಮ್ಮಗಳ ಮದುವೆಗೆಂದು ಒಂದು ಕಪ್ಪು ಚಂದ್ರಕಾಳಿ ಸೀರೆಯ ಸೆರಗಿಗೆ ಕಸೂತಿ ಆರಂಭಿಸಿದ್ದರು. ತೇರಿನ ಒಂದು ಬದಿ ಪೂರ್ಣವಾಗಿತ್ತು. ಇನ್ನೊಂದು ಬದಿಯಲ್ಲಿ ನೂಲು ಹೋಗುವ ದಾರಿಯನ್ನು ಮುಗಿಸಿ ತುದಿಯಲ್ಲಿ ನಿಂತಿತ್ತು. ಅಷ್ಟರಲ್ಲಿ ಅವರು ಲಿಂಗೈಕ್ಯರಾದರು. ಮದುವೆ ಆ ಸೀರೆಯಿಲ್ಲದೆಯೇ ನಡೆಯಿತು. ಸೀರೆ ಟ್ರಂಕಿನಲ್ಲಿ ಉಳಿಯಿತು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಿಂದ ಎಳೆಗಳು ಮತ್ತೆ ಸ್ಪಷ್ಟವಾಗಿ ಕಾಣತೊಡಗಿದಾಗ, ನಾನು ಅದನ್ನು ಹೊರಗೆ ತೆಗೆದೆ. ಸೂಜಿ ಬಟ್ಟೆಯಲ್ಲಿಯೇ ಇತ್ತು, ತುಕ್ಕು ಹಿಡಿದಿತ್ತು. ತೇರಿನ ಆ ಬದಿಯಲ್ಲಿ ಒಂದು ಹೊಲಿಗೆ, ಒಂದು ತೆರಪು. ಒಂದು ಹೊಲಿಗೆ, ಒಂದು ತೆರಪು. ಅವ್ವ ಹೋಗುವ ದಾರಿಯನ್ನು ಮುಗಿಸಿದ್ದರು. ಬರುವ ದಾರಿ ಉಳಿದಿತ್ತು.

ಆ ತೆರಪುಗಳನ್ನು ಈಗ ನಾನು ತುಂಬಿದ್ದೇನೆ. ಅವ್ವನ ನೂಲು ಟ್ರಂಕಿನಲ್ಲಿದ್ದು ತುಸು ಮಂಕಾಗಿದೆ, ನನ್ನ ನೂಲು ಹೊಸದು. ಆದ್ದರಿಂದ ಒಂದೇ ಗೆರೆಯಲ್ಲಿ ಒಂದು ಹೊಲಿಗೆ ಮಂಕಾಗಿಯೂ ಮುಂದಿನದು ಹೊಳಪಾಗಿಯೂ ಕಾಣುತ್ತದೆ. ಹೊಸ ನೂಲನ್ನು ನೆನೆಹಾಕಿ, ಬಿಸಿಲಿಗೊಣಗಿಸಿ ಬಣ್ಣ ಕುಂದಿಸಬಹುದೆಂದು ಬಲ್ಲವರೊಬ್ಬರು ಸೂಚಿಸಿದರು. ನಾನು ಹಾಗೆ ಮಾಡಲಿಲ್ಲ. ಗುರುವಿನಿಂದ ಶಿಷ್ಯನಿಗೆ, ತಾಯಿಯಿಂದ ಮಗಳಿಗೆ ಬರುವ ಯಾವ ವಿದ್ಯೆಯಾದರೂ ಹೀಗೆಯೇ ಅಲ್ಲವೆ? ಹಿರಿಯರು ಎಲ್ಲವನ್ನೂ ತುಂಬಿ ಹೋಗುವುದಿಲ್ಲ. ನಮಗೆಂದು ತೆರಪು ಬಿಟ್ಟು ಹೋಗಿರುತ್ತಾರೆ. ಅವರ ಹೊಲಿಗೆಯ ಮೇಲೆಯೇ ಹೊಲಿಯುವುದು ಬರಿಯ ಅನುಕರಣೆ. ಅವರ ದಾರಿಯನ್ನು ಬಿಟ್ಟು ಹೊಲಿದರೆ ತೇರೇ ಆಗದು. ಅವರ ಎಣಿಕೆಯಲ್ಲಿಯೇ ನಡೆದು ಅವರು ಬಿಟ್ಟ ಜಾಗವನ್ನು ನಮ್ಮ ನೂಲಿನಿಂದ ತುಂಬುವುದು ಪರಂಪರೆ.

ಕಸೂತಿಗೆ ನಾನು ಕೂಡುವುದು ಬೆಳಗಿನ ಇಷ್ಟಲಿಂಗ ಪೂಜೆಯ ನಂತರ, ಒಂದು ಗಂಟೆಯ ಕಾಲ. ಲಿಂಗವನ್ನು ಇರಿಸಿಕೊಂಡು ದೃಷ್ಟಿ ನಿಲ್ಲಿಸಿದ್ದ ಅದೇ ಎಡ ಅಂಗೈ ಆಮೇಲೆ ಬಟ್ಟೆಯನ್ನು ಹಿಡಿಯುತ್ತದೆ. ಪೂಜೆಯಲ್ಲಿ ಕಲಿತ ದೃಷ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಗಳಿಸಿದ ತಾಳ್ಮೆ ಮರುದಿನದ ಪೂಜೆಗೆ ಒದಗುತ್ತದೆ. ಎಳೆ ಎಣಿಸುವಾಗ ಮನಸ್ಸು ನಿನ್ನೆಗೆ ಹೋದರೂ ನಾಳೆಗೆ ಹೋದರೂ ಲೆಕ್ಕ ತಪ್ಪುತ್ತದೆ. ಮನಸ್ಸು ಎಲ್ಲಿದೆಯೆಂದು ನಾಮಸ್ಮರಣೆಯಲ್ಲಿ ನಮ್ಮನ್ನು ನಾವೇ ವಂಚಿಸಿಕೊಳ್ಳಬಹುದು; ಬಟ್ಟೆಯನ್ನು ವಂಚಿಸಲಾಗದು.

ನನ್ನ ಮಗಳು ಬೆಂಗಳೂರಿನಲ್ಲಿರುತ್ತಾಳೆ. ರಜೆಗೆ ಬಂದಾಗ ಒಮ್ಮೆ ಕೇಳಿದಳು: "ಅವ್ವಾ, ಅಂಗಡ್ಯಾಗ ಮಶೀನಿನ ಕಸೂತಿ ಸೀರಿ ಬೇಕಾದಷ್ಟು ಸಿಗ್ತಾವ. ನನ್ನ ಮದುವಿನೂ ಮುಗದು ಹೋತು. ಈಗ ಇದು ಯಾರ ಸಲುವಾಗಿ? ಯಾಕ ಕಣ್ಣು ಸವಸ್ತೀ?" ಪ್ರಶ್ನೆ ಪ್ರೀತಿಯಿಂದಲೇ ಬಂದಿತ್ತು, ಆದರೆ ಸುಲಭದ ಪ್ರಶ್ನೆಯಾಗಿರಲಿಲ್ಲ. ಯಾರ ಸಲುವಾಗಿ ಎಂಬುದೇ ಕಾಯಕ ತತ್ತ್ವದ ಮೂಲಪ್ರಶ್ನೆ. ತನ್ನೊಬ್ಬನ ಸುಖಕ್ಕಾಗಿ ಮಾಡಿದ್ದು ಕೆಲಸವಾಗಬಹುದು, ಕಲೆಯೂ ಆಗಬಹುದು. ಫಲವು ಕೈಬಿಟ್ಟು ಮತ್ತೊಬ್ಬರಿಗೆ ಸಲ್ಲದೆ ಅದು ಕಾಯಕವಾಗದು. ಕಾಯಕಕ್ಕೆ ದಾಸೋಹ ಜೋಡಿ. ನುಲಿಯ ಚಂದಯ್ಯನವರು ಹೊಸೆದ ಹಗ್ಗ ಅವರ ಮನೆಯಲ್ಲಿ ರಾಶಿಯಾಗಿ ಬೀಳಲಿಲ್ಲ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಜಾರಿ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ನಮ್ಮಲ್ಲಿ ಪ್ರಸಿದ್ಧವಾಗಿದೆ; ಏಕೆಂದರೆ ಆ ಹಗ್ಗವನ್ನು ಕಾದು ಜಂಗಮದ ಊಟವಿತ್ತು.

ಮಗಳಿಗೆ ನಾನು ಹೇಳಿದ್ದು ಇಷ್ಟೆ: "ನಿನ್ನ ಸಲುವಾಗಿ ಶುರುವಾದದ್ದು ಖರೆ. ಮುಗಿದ ಮ್ಯಾಲೆ ಮಠದ ಸಾಮೂಹಿಕ ಲಗ್ನದಾಗ ಯಾವದರ ಒಂದು ಹುಡುಗಿ ಉಟ್ಕೊಳ್ಳಲಿ. ನಿನಗ ಒಪ್ಪಿಗಿ ಐತೇನು?" ಅವಳು ತಕ್ಷಣ ಉತ್ತರಿಸಲಿಲ್ಲ. ಅಜ್ಜಿಯ ಕೈಕೆಲಸವನ್ನು ಗುರುತಿಲ್ಲದವರಿಗೆ ಕೊಡುವುದು ಸಣ್ಣ ಮಾತಲ್ಲ. ಸೆರಗನ್ನು ತಿರುವಿ ಹಿಂಬದಿಯನ್ನು ಬಹಳ ಹೊತ್ತು ನೋಡಿದಳು. ಮರುದಿನ ಊರಿಗೆ ಹೊರಡುವಾಗ, "ಕೊಡು, ಆದರ ಕೊಡೂಕಿಂತ ಮೊದಲ ಒಂದ್ಸಲ ನಾ ಉಟ್ಟು ನೋಡ್ತೀನಿ" ಎಂದಳು. ಅದು ಅವಳ ಹಕ್ಕು.

ನಿಧಾನವೆಂದರೆ ಆಲಸ್ಯವಲ್ಲ ಎಂಬುದನ್ನು ಆಯ್ದಕ್ಕಿ ಲಕ್ಕಮ್ಮನವರು ನಮಗೆ ಬೇರೆಯೊಂದು ರೀತಿಯಲ್ಲಿ ಕಲಿಸಿದ್ದಾರೆ. ಪತಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದರು. ಇದನ್ನು ನಾವು ಸಾಮಾನ್ಯವಾಗಿ ಅಪರಿಗ್ರಹದ ಪಾಠವೆಂದು ಓದುತ್ತೇವೆ. ಅದು ಕಾಲದ ಪಾಠವೂ ಹೌದು. ಇಂದಿನ ಅಳತೆ ಇಂದಿಗೆ. ಒಂದೇ ದಿನದಲ್ಲಿ ಮೂರು ದಿನದ ಕೆಲಸ ಎಳೆದುಕೊಂಡವರು ಕೈಯಿಂದ ಮಾಡುವುದಿಲ್ಲ, ಆಸೆಯಿಂದ ಮಾಡುತ್ತಾರೆ. ಅಂಗೈ ಅಗಲದ ಒಂದು ಗೋಪುರಕ್ಕೆ ನನಗೆ ನಾಲ್ಕು ಬೆಳಗು ಬೇಕು. ಐದನೆಯದನ್ನು ಬೇಡಿದರೆ ಕೊಡುತ್ತೇನೆ. ಮೂರಕ್ಕೆ ಇಳಿಸುವ ಹಟ ಮಾಡುವುದಿಲ್ಲ.

ಕಸೂತಿಯ ಹಿಂಬದಿಯ ಬಗ್ಗೆ ಇನ್ನೊಂದು ವಿಚಾರ. ಬಸವಣ್ಣನವರು ಏಳು ನಿಷೇಧಗಳನ್ನು ಹೇಳಿ, ಒಳಗಿನ ಶುದ್ಧಿಯನ್ನೂ ಹೊರಗಿನ ಶುದ್ಧಿಯನ್ನೂ ಒಂದೇ ನಡತೆಯಲ್ಲಿ ಕೂಡಿಸಿದರು. ಹೊರಗೆ ಭಸ್ಮ, ಒಳಗೆ ಮತ್ಸರ ಎಂಬ ಇಬ್ಬಗೆಗೆ ಅಲ್ಲಿ ಎಡೆಯಿಲ್ಲ. ಸೆರಗಿನ ಹಿಂಬದಿಯನ್ನು ನೋಡುವವರು ಯಾರು? ಉಟ್ಟವಳ ಮೈಗೆ ತಾಗುವುದು ಅದೇ. ಜಗತ್ತಿಗೆ ಕಾಣುವ ಬದಿಯಷ್ಟೇ ಎಚ್ಚರದಿಂದ ಮೈಗೆ ತಾಗುವ ಬದಿಯನ್ನೂ ಹೊಲಿಯಬೇಕೆಂದು ನಮ್ಮ ಅಕ್ಷರ ಬಾರದ ಅಜ್ಜಿಯರು ವಿಧಿಸಿಕೊಂಡರು. ಹಾಗೆಯೇ ಕಲ್ಲಿನ ಗೋಪುರ ನಿಂತಲ್ಲೇ ನಿಲ್ಲುತ್ತದೆ. ಸೀರೆಯ ಗೋಪುರ ಉಟ್ಟವಳೊಡನೆ ನಡೆಯುತ್ತದೆ, ರೊಟ್ಟಿ ಬಡಿಯುತ್ತದೆ, ಕೂಸನ್ನು ಎತ್ತಿಕೊಳ್ಳುತ್ತದೆ, ಕಡೆಗೆ ಸವೆಯುತ್ತದೆ. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದ ಧರ್ಮದಲ್ಲಿ ಹುಟ್ಟಿದವರಿಗೆ ಈ ಸವೆತದಿಂದ ದುಃಖವಾಗಬೇಕಾಗಿಲ್ಲ.

ಆದರೆ ಒಂದು ಮಾತನ್ನು ಮರೆಯಬಾರದು. ನನ್ನಂತೆ ನಿವೃತ್ತಿವೇತನದ ನೆರಳಿನಲ್ಲಿ ಕುಳಿತವಳಿಗೆ ಕಸೂತಿ ನೆಮ್ಮದಿಯ ಸಾಧನೆ. ಧಾರವಾಡ, ಹುಬ್ಬಳ್ಳಿಯ ಓಣಿಗಳಲ್ಲಿ ಅನೇಕ ತಾಯಂದಿರಿಗೆ ಅದು ಸಂಜೆಯ ಅನ್ನ. ಅಡಿಗೆ, ನೀರು, ಮಕ್ಕಳ ಪಾಠ ಎಲ್ಲ ಮುಗಿದ ಮೇಲೆ ದೀಪದ ಕೆಳಗೆ ಎಳೆ ಎಣಿಸುತ್ತಾರೆ. ಅವರ ಗಂಟೆಗಳಿಗೆ ಸಿಗುವ ಪ್ರತಿಫಲ ಅಲ್ಪ. ನಿಧಾನದ ಹಿರಿಮೆಯನ್ನು ಲೇಖನದಲ್ಲಿ ಕೊಂಡಾಡಿ, ಪ್ರದರ್ಶನದಲ್ಲಿ ಅದೇ ನಿಧಾನದ ಬೆಲೆಯನ್ನು ಚೌಕಾಶಿ ಮಾಡಿ ಇಳಿಸುವುದು ಶರಣಧರ್ಮವಲ್ಲ. ಕೈಕಸೂತಿಯ ಸೀರೆಯನ್ನು ಕೊಳ್ಳುವ ಸಂದರ್ಭ ಬಂದರೆ ಹಿಂಬದಿಯನ್ನು ತಿರುವಿ ನೋಡಿರಿ. ಎರಡೂ ಬದಿ ಒಂದೇ ಆಗಿದ್ದರೆ ಕೇಳಿದ ಬೆಲೆಯನ್ನು ಕೊಟ್ಟುಬಿಡಿರಿ. ಅದೂ ದಾಸೋಹವೇ.

ಕಲಿಯಬೇಕೆನ್ನುವವರು ಎಳೆಗಳು ಕಣ್ಣಿಗೆ ಚೆನ್ನಾಗಿ ಕಾಣುವ ದಪ್ಪ ನೇಯ್ಗೆಯ ಹತ್ತಿಬಟ್ಟೆಯಿಂದ ಆರಂಭಿಸುವುದು ಒಳಿತು. ನುಣುಪಾದ ರೇಷ್ಮೆಯ ಮೇಲೆ ಎಳೆ ಎಣಿಸಲಾಗದು. ಅದರ ಮೇಲೆ ಬಿಡಿ ನೇಯ್ಗೆಯ ಜಾಳು ಬಟ್ಟೆಯನ್ನು ಕಚ್ಚಾ ಹೊಲಿಗೆ ಹಾಕಿ ಕೂಡಿಸಿ, ಕಸೂತಿ ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಆಧಾರವಾಗಿದ್ದ ಬಟ್ಟೆ ಹೋಗಿ ಚಿತ್ರ ಉಳಿಯುತ್ತದೆ. ಮೊದಲು ಒಂದು ನೇರ ಗೆರೆ, ಹೋಗಿ ಬರುವಷ್ಟು. ನಂತರ ಒಂದು ಚೌಕ. ಆಮೇಲೆ ಒಂದು ಚಿಕ್ಕ ಗೋಪುರ. ಕಸೂತಿಯೇ ಆಗಬೇಕೆಂದಿಲ್ಲ; ಯಾವ ಕಲೆಯಾದರೂ ಸರಿ, ನಿತ್ಯ ಒಂದು ಗಂಟೆ, ಪೂಜೆಗೆ ಹತ್ತಿರವಾದ ಒಂದು ಹೊತ್ತು, ಮತ್ತು ಮುಗಿದದ್ದನ್ನು ಕೊಡಲು ಒಬ್ಬರು. ಈ ಮೂರು ಇದ್ದರೆ ಮನೆಯ ಮೂಲೆಯೂ ಮಹಾಮನೆಯ ಒಂದು ಭಾಗವಾದೀತು.

ನನ್ನ ಸೆರಗಿನಲ್ಲಿ ತೇರು ಪೂರ್ಣವಾಗಿದೆ. ಅದರ ಮುಂದಿನ ಆನೆಗಳ ಸಾಲು ಇನ್ನೂ ಒಂದು ಗೇಣು ಉಳಿದಿದೆ. ಗುರುಕೃಪೆಯಿಂದ ನಡೆದಷ್ಟು ನಡೆಯಲಿ. ಉಳಿದ ತೆರಪನ್ನು ತುಂಬಲು ಯಾರಾದರೂ ಇದ್ದೇ ಇರುತ್ತಾರೆ.

ಶರಣು ಶರಣಾರ್ಥಿ.