ಫ್ರೆಡ್ಡಿಯ ಪರವಾಗಿ

ಮೊನ್ನೆ ಕೈಗೆತ್ತಿಕೊಂಡ ಹೊಸ ರೀಜೆನ್ಸಿ (ಹತ್ತೊಂಬತ್ತನೇ ಶತಮಾನದ ಆರಂಭದ ಇಂಗ್ಲೆಂಡಿನ) ಪ್ರಣಯ ಕಾದಂಬರಿಯೊಂದರ ನಾಯಕಿಗೆ ಹತ್ತೊಂಬತ್ತು ವರ್ಷ. ಆಗಷ್ಟೇ ಕಂಡ ಅರ್ಲ್ ಒಬ್ಬನ ಜೊತೆ ಕತ್ತಲ ತೋಟಕ್ಕೆ ಹೋಗುತ್ತಾಳೆ, ಅವನನ್ನು ಹೆಸರು ಹಿಡಿದು ಕರೆಯುತ್ತಾಳೆ, ಅರ್ಧ ಗಂಟೆ ಬಿಟ್ಟು ಕೆದರಿದ ಕೂದಲಲ್ಲೇ ನೃತ್ಯದ ಕೋಣೆಗೆ ಮರಳುತ್ತಾಳೆ. ಯಾರೂ ತಿರುಗಿ ಕೂಡ ನೋಡುವುದಿಲ್ಲ! ಪುಸ್ತಕವನ್ನು ಅಲ್ಲಿಗೇ ಮುಚ್ಚಿಟ್ಟೆ. ಅವಳು ತೋಟಕ್ಕೆ ಹೋದದ್ದಕ್ಕೆ ನನ್ನ ತಕರಾರಿಲ್ಲ. ಹೋಗಲಿ, ಕಾದಂಬರಿ ಇರುವುದೇ ಅದಕ್ಕೆ. ಆದರೆ 1814ರ ಲಂಡನ್ನಿನ ದೊಡ್ಡವರ ಮನೆಗಳಲ್ಲಿ ಹಾಗೆ ಹೋಗಿಬಂದವಳ ಮದುವೆ ಮಾತು ಮಾರನೆಯ ಬೆಳಿಗ್ಗೆಗೇ ಮುರಿದುಬೀಳುವ ಸಂಭವವಿತ್ತು, ಅವಳ ಜೊತೆಗೆ ತಂಗಿಯರದ್ದೂ. ಆ ಅಂಜಿಕೆಯೇ ಇಲ್ಲದಿದ್ದರೆ ತೋಟಕ್ಕೆ ಹೋಗುವುದರಲ್ಲಿ ಏನು ಸ್ವಾರಸ್ಯ?

ಈ ಕಾದಂಬರಿಗಳ ಸುಖವೆಲ್ಲ ಕಟ್ಟುಪಾಡಿನಲ್ಲೇ ಇದೆ. ಕಿಂಗ್ ಸ್ಟ್ರೀಟಿನ ಆಲ್ಮ್ಯಾಕ್ಸ್ ಸಭಾಂಗಣವನ್ನೇ ನೋಡಿ. ಬುಧವಾರ ರಾತ್ರಿಯ ನೃತ್ಯಕ್ಕೆ ಪ್ರವೇಶ ಚೀಟಿ ಬೇಕೆಂದರೆ ಲೇಡಿ ಜರ್ಸಿ, ಕೌಂಟೆಸ್ ಲೀವೆನ್ ಮೊದಲಾದ ಕೆಲವೇ ಹೆಂಗಸರು ಹೂಂ ಅನ್ನಬೇಕು. ಗಂಟು ತುಂಬ ದುಡ್ಡಿದ್ದರೂ ಅವರು ಉಹೂಂ ಎಂದರೆ ಮುಗಿಯಿತು. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಂದ್. ಇಷ್ಟೆಲ್ಲ ಪಾಡುಪಟ್ಟು ಒಳಗೆ ಹೋದವರಿಗೆ ಸಿಗುತ್ತಿದ್ದುದು ನಿಂಬೆ ಪಾನಕ, ಟೀ, ಬೆಣ್ಣೆ ಸವರಿದ ತೆಳ್ಳನೆಯ ಬ್ರೆಡ್ಡು. ಮೊಣಕಾಲುದ್ದದ ಚಲ್ಲಣ ಬಿಟ್ಟು ಪ್ಯಾಂಟು ತೊಟ್ಟುಬಂದ ದಂಡನಾಯಕ ವೆಲಿಂಗ್ಟನ್ನನನ್ನೇ ಬಾಗಿಲಿಂದ ವಾಪಸು ಕಳಿಸಿದರೆಂಬ ಕಥೆಯಿದೆ. ಇಂಥ ಬಾಗಿಲಿನ ಮುಂದೆ ನಿಂತ ಹಳ್ಳಿಯ ಪಾದ್ರಿಯ ಮಗಳ ಎದೆ ಹೇಗೆ ಹೊಡೆದುಕೊಂಡಿರಬೇಡ!

ಈ ಬಗೆಯ ಕಾದಂಬರಿಗೆ ತಳಪಾಯ ಹಾಕಿದವರು ಜಾರ್ಜೆಟ್ ಹೇಯರ್ (1902–1974). ಉಡುಪು, ಕುದುರೆಗಾಡಿ, ಬೈಗುಳ, ಜೂಜಿನ ಮಾತು ಎಲ್ಲವನ್ನೂ ನೋಟುಪುಸ್ತಕಗಳಲ್ಲಿ ಗುಡ್ಡೆಹಾಕಿಕೊಂಡು ಬರೆದವರು. ಆದರೆ ಅವರ ಅಭಿಮಾನಿಗಳ ಜೊತೆಗೂ ನನ್ನದೊಂದು ಹಳೆಯ ಜಗಳವಿದೆ. ಅವರಲ್ಲಿ ಬಹಳ ಮಂದಿಗೆ ಬೇಕಾದವನು ತುಟಿಯ ಕೊನೆಯಲ್ಲಿ ತಿರಸ್ಕಾರದ ನಗೆ ಇಟ್ಟುಕೊಂಡ, ಹಿಂದೆ ನೂರು ಹಗರಣ ಮಾಡಿಕೊಂಡ ಡ್ಯೂಕು. ನನಗೆ ಬೇಕಾದವನು ಫ್ರೆಡ್ಡಿ ಸ್ಟ್ಯಾಂಡನ್.

1953ರ 'ಕೋಟಿಲಿಯನ್'ನಲ್ಲಿ ಬರುವ ಫ್ರೆಡ್ಡಿ ನೋಡಲು ಸಾಧಾರಣ, ಓದಿನಲ್ಲಿ ಹಿಂದೆ. ಮನೆಯವರ ಲೆಕ್ಕದಲ್ಲಿ ಪೆದ್ದ. ಅವನಿಗೆ ಗೊತ್ತಿರುವುದು ಎರಡೇ: ಯಾರಿಗೆ ಯಾವ ಬಣ್ಣದ ಬಟ್ಟೆ ಒಪ್ಪುತ್ತದೆ, ಯಾವ ಹೊತ್ತಿನಲ್ಲಿ ಹೇಗೆ ನಡೆದುಕೊಳ್ಳಬೇಕು. ಜಿಪುಣ ಮುದುಕನ ಮನೆಯಲ್ಲಿ ಬೆಳೆದ ಕಿಟ್ಟಿ ಲಂಡನ್ ನೋಡುವ ಆಸೆಗೆ ಇವನನ್ನು ಕಾಡಿಬೇಡಿ ಹುಸಿ ನಿಶ್ಚಿತಾರ್ಥಕ್ಕೆ ಒಪ್ಪಿಸುತ್ತಾಳೆ. ಅವಳ ಮನಸ್ಸಿನಲ್ಲಿರುವವನು ಸುಂದರಾಂಗ ಜಾಕ್. ಫ್ರೆಡ್ಡಿ ಅವಳಿಗೆ ಊರು ತೋರಿಸಲು ಹೊರಡುತ್ತಾನೆ. ಪ್ರಾಚೀನ ಗ್ರೀಸಿನ ಎಲ್ಗಿನ್ ಶಿಲ್ಪಗಳ ಮುಂದೆ ಬಂದು ನಿಂತರೆ ಒಂದಕ್ಕೆ ತಲೆಯಿಲ್ಲ, ಇನ್ನೊಂದಕ್ಕೆ ಕೈಯಿಲ್ಲ. ಇಂಥ ಮುರುಕು ಸಾಮಾನು ನೋಡಲು ಬಂದೆವಲ್ಲ ಎಂದು ಅವನಿಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನಾನು ಎಷ್ಟನೇ ಸಲ ಓದಿದರೂ ಅಲ್ಲಿ ಜೋರಾಗಿ ನಗುತ್ತೇನೆ. ನಗುನಗುತ್ತಲೇ ಗೊತ್ತಾಗುವುದು, ಅವನು ತನಗೆ ಒಂದಿಷ್ಟೂ ರುಚಿಸದ ಕಡೆಗೆಲ್ಲ ಅವಳಿಗೋಸ್ಕರ ಹೆಜ್ಜೆ ಹಾಕುತ್ತಿದ್ದಾನೆ ಎಂದು. ಮುಂದೆ ಅವಳ ಸ್ನೇಹಿತರ ತೊಡಕುಗಳು ಒಂದರ ಮೇಲೊಂದು ಬಿದ್ದಾಗ ಬಿಡಿಸುವವನೂ ಅವನೇ, ಅವಳ ಬಗ್ಗೆ ಹಗುರವಾಗಿ ಆಡಿದ ಜಾಕ್‌ಗೆ ಗುದ್ದು ಕೊಡುವವನೂ ಅವನೇ. ಕಟ್ಟುಪಾಡನ್ನು ಬಾಯಿಪಾಠ ಮಾಡಿದವನಿಗೆ ಇನ್ನೊಬ್ಬರ ಮಾನ ಕಾಯುವುದೂ ಗೊತ್ತಿರುತ್ತದೆಂದು ಹೇಯರ್ ತೋರಿಸಿದಷ್ಟು ಚೆನ್ನಾಗಿ ಈ ಬಳಗದ ಬೇರಾರೂ ತೋರಿಸಿಲ್ಲ. ಫ್ರೆಡ್ಡಿ ನಾಯಕನಾಗಲು ಲಾಯಕ್ಕಲ್ಲ ಎನ್ನುವವರು ಪುಸ್ತಕವನ್ನು ಸರಿಯಾಗಿ ಓದಿಲ್ಲ.

ಈಚೆಗೆ ಎಲ್ಲರಿಗೂ ರೀಜೆನ್ಸಿ ಎಂದರೆ 'ಬ್ರಿಜರ್ಟನ್' ಧಾರಾವಾಹಿ. 2022ರಲ್ಲಿ ಬಂದ ಅದರ ಎರಡನೇ ಸೀಸನ್ನಿನಲ್ಲಿ ಭಾರತದ ಶರ್ಮಾ ಸೋದರಿಯರನ್ನು ಕಂಡು ಹಿಗ್ಗಿದೆ. ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಅಕ್ಕನ ಬಾಯಲ್ಲಿ ತಂದೆ 'ಅಪ್ಪ', ತಂಗಿಯ ಬಾಯಲ್ಲಿ ಅಕ್ಕ 'ದೀದಿ', ಅಕ್ಕನಿಗೆ ತಂಗಿ ಬಂಗಾಳಿಯ 'ಬೋನ್'. ಇದು ಯಾವ ಊರಿನ ಮನೆ? ಸೋದರತ್ತೆಯನ್ನು ಚಿಕ್ಕಮ್ಮ ಎಂದರೆ ನಮ್ಮ ಮದುವೆಮನೆಗಳಲ್ಲಿ ಆಗುವ ನಗೆಪಾಟಲನ್ನು ಬಲ್ಲವರು ಯಾರೂ ಇದನ್ನು ಬರೆಯುತ್ತಿರಲಿಲ್ಲ. ಗೌನುಗಳಿಗೆ ಅಷ್ಟು ಮುತುವರ್ಜಿ ವಹಿಸಿದವರಿಗೆ ಒಂದು ಭಾರತೀಯ ಮನೆಯ ಮಾತನ್ನು ಕೇಳಿ ತಿಳಿಯಲು ಪುರುಸೊತ್ತಿರಲಿಲ್ಲವೇ? ಚಂದದ ಧಾರಾವಾಹಿ ಎಂದೇ ಸಿಟ್ಟು ಜಾಸ್ತಿ.

ಭಾರತವನ್ನು ಆ ಲೋಕಕ್ಕೆ ಎಳೆದು ತರಬೇಕಾಗಿಯೂ ಇರಲಿಲ್ಲ, ಮೊದಲೇ ಅಲ್ಲಿತ್ತು. ಹೇಯರ್ 1966ರಲ್ಲಿ ಬರೆದ 'ಬ್ಲ್ಯಾಕ್ ಶೀಪ್'ನ ನಾಯಕ ಮೈಲ್ಸ್, ಮನೆಯವರು ಭಾರತಕ್ಕೆ ಅಟ್ಟಿದ್ದ ಪುಂಡ. ಬಾತ್ ನಗರಕ್ಕೆ ಮರಳುವಾಗ ಸಿರಿವಂತ, ಆದರೆ ಸುಕ್ಕುಬಿದ್ದ ಕೋಟಿನಲ್ಲೇ ಓಡಾಡುತ್ತಾನೆ. ಆ ಸಂಪತ್ತು ಇಲ್ಲಿ ಯಾರ ಕೈಯಿಂದ ಹೋಯಿತೆಂದು ಕಾದಂಬರಿ ಕೇಳುವುದಿಲ್ಲ. ನಾವು ಕೇಳದೆ ಓದಲಾರೆವು. ಹೇಯರ್ 'ಆನ್ ಇನ್‌ಫೇಮಸ್ ಆರ್ಮಿ'ಯಲ್ಲಿ ವಾಟರ್ಲೂ ಯುದ್ಧಕ್ಕೆ ನಿಲ್ಲಿಸುವ ವೆಲಿಂಗ್ಟನ್ ಕೂಡ ನಮಗೆ ಅಪರಿಚಿತನಲ್ಲ. 1799ರಲ್ಲಿ ಟಿಪ್ಪು ಬಿದ್ದಮೇಲೆ ಶ್ರೀರಂಗಪಟ್ಟಣದ ಅಧಿಕಾರ ಹಿಡಿದು ದರಿಯಾ ದೌಲತ್‌ನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿಯೇ ಅವನು. ಕಾವೇರಿ ದಂಡೆಯ ಆ ಬಣ್ಣದ ಗೋಡೆಗಳನ್ನು ನೋಡಿ ಬಂದವರಿಗೆ ಲಂಡನ್ನಿನ ಮೇಣದಬತ್ತಿಯ ದೀಪಗಳು ಬೇರೆಯಾಗಿಯೇ ಕಾಣುತ್ತವೆ. ಈ ಎಳೆ ಹಿಡಿದು ಒಳ್ಳೆಯ, ನಗಿಸುವ ಪ್ರಣಯ ಕಾದಂಬರಿಯೊಂದನ್ನು ಕನ್ನಡದಲ್ಲೇ ಯಾರಾದರೂ ಬರೆಯಬಾರದೇ?

ಹೇಯರ್ ಬರೆದದ್ದೆಲ್ಲ ಚೊಕ್ಕ ಎಂದು ನಾನು ಹೇಳಲಾರೆ. 'ದಿ ಗ್ರ್ಯಾಂಡ್ ಸೋಫಿ'ಯ ಯಹೂದಿ ಬಡ್ಡಿ ವ್ಯಾಪಾರಿಯ ಚಿತ್ರ ಅಸಹ್ಯ ಹುಟ್ಟಿಸುತ್ತದೆ. ಲಕ್ಷಾಂತರ ಯಹೂದಿಗಳ ಕೊಲೆ ಜಗತ್ತಿಗೆಲ್ಲ ಗೊತ್ತಾದ ಮೇಲೆ, 1950ರಲ್ಲಿ, ಹಾಗೆ ಬರೆದದ್ದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಬಹಳ ಮಂದಿ ಮೊದಲು ಓದಲು ಕೊಡುವುದು ಅದನ್ನೇ. ಕೊಡಬೇಡಿ. ಹೊಸಬರು 'ಕೋಟಿಲಿಯನ್' ಹಿಡಿಯಲಿ. ಮೊದಲ ಕೆಲವು ಅಧ್ಯಾಯಗಳಲ್ಲಿ ಹೆಸರುಗಳ ಗೋಜಲು ಇದೆ, ಜಾಕ್ ಬಂದ ಕೂಡಲೇ ಮನಸ್ಸು ಅವನ ಕಡೆಗೆ ವಾಲುತ್ತದೆ. ವಾಲಲಿ, ಪುಸ್ತಕವನ್ನು ಮಾತ್ರ ನಡುವೆ ಕೆಳಗಿಡಬೇಡಿ.