ನಾಲ್ಕನೆಯ ಪರೀಷಹ

ಪರೀಷಹಗಳು ಇಪ್ಪತ್ತೆರಡು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಅವುಗಳನ್ನು ಎಣಿಸುತ್ತದೆ: ಹಸಿವು, ಬಾಯಾರಿಕೆ, ಶೀತ, ನಾಲ್ಕನೆಯದು ಉಷ್ಣ. ಜೈನಕಾವ್ಯಗಳ ಪಾಠ ಮಾಡುವಾಗ ಈ ಪಟ್ಟಿಯನ್ನು ಎಷ್ಟು ತರಗತಿಗಳಿಗೆ ಬರೆಯಿಸಿದ್ದೇನೋ ಲೆಕ್ಕವಿಲ್ಲ. ಆ ನಾಲ್ಕನೆಯ ಪದದ ಅರ್ಥ ನನ್ನ ಮೈಗೆ ತಿಳಿದದ್ದು ಮಾತ್ರ ಒಂದು ಮೇ ತಿಂಗಳಲ್ಲಿ, ಜೈಸಲ್ಮೇರಿನಲ್ಲಿ.

ಥಾರ್ ಮರುಭೂಮಿಯ ಆ ಊರಿಗೆ ಬೇಸಿಗೆಯಲ್ಲಿ ಹೋಗಬೇಡಿರೆಂದು ಹಲವರು ಹೇಳಿದ್ದರು. ಜೋಧಪುರದಿಂದ ಅಲ್ಲಿಗೆ ಹೋಗುವ ದಾರಿಯಲ್ಲಿರುವ ಫಲೋದಿಯಲ್ಲಿಯೇ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು. ಆದರೆ ಅಧ್ಯಾಪಕನಿಗೆ ಬಿಡುವು ದೊರೆಯುವುದೇ ಬೇಸಿಗೆಯಲ್ಲಿ. ನನ್ನನ್ನು ಸೆಳೆದದ್ದು ಅಲ್ಲಿನ ಕೋಟೆಯೊಳಗಿನ ಜಿನಭದ್ರಸೂರಿ ಜ್ಞಾನಭಂಡಾರ. ಉದ್ಯೋತನಸೂರಿಯು 779ರಲ್ಲಿ ಜಾಲೋರಿನಲ್ಲಿ ರಚಿಸಿ ಮುಗಿಸಿದ ಪ್ರಾಕೃತ ‘ಕುವಲಯಮಾಲಾ’ದ ತಾಳೆಗರಿಯ ಪ್ರತಿ ಉಳಿದುಬಂದದ್ದು ಜೈಸಲ್ಮೇರಿನಲ್ಲಿ. ಅದನ್ನೂ ಪುಣೆಯ ಕಾಗದದ ಪ್ರತಿಯನ್ನೂ ಹೋಲಿಸಿ ಗ್ರಂಥವನ್ನು ಸಂಪಾದಿಸಿದವರು ನಮ್ಮ ಸದಲಗಾದ ಆ. ನೇ. ಉಪಾಧ್ಯೆಯವರು.

ಹಗಲು ಹೇಗೋ ಕಳೆಯಿತು. ಕೋಟೆಯ ಓಣಿಗಳು ಇಕ್ಕಟ್ಟಾಗಿರುವುದರಿಂದ ಒಂದು ಮನೆಯ ನೆರಳು ಇನ್ನೊಂದು ಮನೆಯ ಗೋಡೆಯ ಮೇಲೆ ಬೀಳುತ್ತದೆ. ಕೆತ್ತನೆಯ ಜಾಲಂಧ್ರಗಳು ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತವೆ. ಮಧ್ಯಾಹ್ನ ‘ಲೂ’ ಬೀಸತೊಡಗಿದ ಮೇಲೆ ಬೀದಿಯಲ್ಲಿ ಜನರಿರಲಿಲ್ಲ. ನಾನು ಅಂಜಿದ್ದು ಹಗಲಿಗೆ; ಸೋತದ್ದು ರಾತ್ರಿಗೆ. ಹಗಲೆಲ್ಲ ಕಾದ ಹಳದಿ ಕಲ್ಲು ಆ ಕಾವನ್ನು ರಾತ್ರಿ ಹೊರಬಿಡುತ್ತದೆ. ನಾನು ತಂಗಿದ್ದ ಕೋಣೆಯ ಗೋಡೆಗೆ ಅಂಗೈ ತಾಗಿಸಿದರೆ ಒಲೆಯ ಪಕ್ಕದ ಕಲ್ಲನ್ನು ಮುಟ್ಟಿದಂತಿತ್ತು.

ಸೂರ್ಯಾಸ್ತದ ನಂತರ ಅನ್ನನೀರು ಮುಟ್ಟುವುದಿಲ್ಲವೆಂಬ ನಿಯಮವನ್ನು ನಾನು ತಾಯಿ ತೀರಿಕೊಂಡ ವರ್ಷ ತೆಗೆದುಕೊಂಡಿದ್ದೆ. ಅದು ಅವರು ಬಾಳಿನುದ್ದಕ್ಕೂ ಪಾಲಿಸಿದ ನಿಯಮ. ಊರಿನಲ್ಲಿ ಅದು ಎಂದೂ ಕಷ್ಟವೆನಿಸಿರಲಿಲ್ಲ. ಆ ರಾತ್ರಿ ಹನ್ನೊಂದರ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿತು. ಮಾಳಿಗೆಗೆ ಹೋದೆ. ಅಲ್ಲಿ ಮಲಗಿದ್ದ ಮುದಿ ಕಾವಲುಗಾರ ಎದ್ದು, ಏನನ್ನೂ ಕೇಳದೆ, ಮಣ್ಣಿನ ಗಡಿಗೆಯಿಂದ ನೀರು ಬಗ್ಗಿಸಿಕೊಟ್ಟ. ಎರಡು ಲೋಟ ಕುಡಿದೆ. ಮೂರನೆಯದನ್ನು ಕೊಡಬಂದಾಗ ಬೇಡವೆಂದೆ. ಹಾಗೆನ್ನಲು ನಾಚಿಕೆಯೂ ಆಯಿತು.

ಮರುದಿನ ಜ್ಞಾನಭಂಡಾರದಲ್ಲಿ ಗಾಜಿನ ಹಿಂದೆ ಕೆಲವು ಗರಿಗಳನ್ನು ನೋಡಿದೆ. ಮೂಡಬಿದಿರೆಯ ಧವಲಾ ಪ್ರತಿಗಳು ಕರಾವಳಿಯ ತೇವದ ನಡುವೆ ಉಳಿದವು. ಇಲ್ಲಿಯವಕ್ಕೆ ಆ ಭಯವಿಲ್ಲ. ಒಣಹವೆಯಲ್ಲಿ ಬೂಷ್ಟು ಬೆಳೆಯುವುದಿಲ್ಲ, ನೆಲಮಾಳಿಗೆಯ ತಂಪಿನಲ್ಲಿ ಗರಿ ಅತಿಯಾಗಿ ಒಣಗಿ ಮುರಿಯುವುದೂ ಕಡಿಮೆ. ನನ್ನನ್ನು ಸೋಲಿಸಿದ ಹವೆಯೇ ಗ್ರಂಥಗಳನ್ನು ಕಾಯ್ದಿತ್ತು.

ಆದರೆ ಅವುಗಳನ್ನು ಕಾಯ್ದದ್ದು ಹವೆಯೊಂದೇ ಅಲ್ಲ. 1950ರ ಸುಮಾರಿಗೆ ಮುನಿ ಪುಣ್ಯವಿಜಯರು ಇಲ್ಲಿಗೆ ಬಂದು, ಚೆದರಿದ್ದ ಗರಿಗಳನ್ನು ಹೊಂದಿಸಿ ಸೂಚಿಯನ್ನು ಸಿದ್ಧಪಡಿಸಿದರು. ಅವರು ತೀರಿಕೊಂಡ ಮರುವರ್ಷ, 1972ರಲ್ಲಿ, ಅದು ಅಚ್ಚಾಯಿತು. ಮುನಿಯಾದವರು ಬೀಸಣಿಗೆ ಬಳಸುವಂತಿಲ್ಲ. ಕುಡಿಯುವುದು ಕಾಯಿಸಿದ ನೀರು, ಅದೂ ಹಗಲಿನಲ್ಲಿ ಮಾತ್ರ. ಆ ಸೂಚಿಯನ್ನು ಗ್ರಂಥಾಲಯದ ಫ್ಯಾನಿನ ಕೆಳಗೆ ಕುಳಿತು ನಾನು ಎಷ್ಟೋ ಸಲ ತಿರುವಿಹಾಕಿದ್ದೆ. ಅದನ್ನು ಸಿದ್ಧಪಡಿಸಿದವರ ಒಣಗಿದ ಗಂಟಲು ಒಮ್ಮೆಯೂ ನೆನಪಾಗಿರಲಿಲ್ಲ.

ಊರಿಗೆ ಮರಳಿದ ಮೇಲೆ ಪ್ರಾಯಶ್ಚಿತ್ತವೆಂದು ಒಂದು ಉಪವಾಸ ಮಾಡಿದೆ. ನಿಯಮವನ್ನು ಮತ್ತೆ ಹಿಡಿದೆ. ಈಗ ಪರೀಷಹಗಳ ಪಟ್ಟಿಯನ್ನು ಬರೆಯಿಸುವಾಗ ನಾಲ್ಕನೆಯ ಪದದ ಬಳಿ ಸ್ವಲ್ಪ ನಿಲ್ಲುತ್ತೇನೆ. ಪುಣ್ಯವಿಜಯರ ವಿಷಯ ಹೇಳುತ್ತೇನೆ. ಆ ಎರಡು ಲೋಟ ನೀರಿನ ವಿಷಯವನ್ನೂ ಮುಚ್ಚಿಡುವುದಿಲ್ಲ.