ಮುದ್ದೆ ಬಿಟ್ಟವರ ಉಪ್ಪಿನ ಲೆಕ್ಕ

ಅನ್ನ ಬಿಡುವುದು ನಮ್ಮ ಹಿರಿಯರಿಗೆ ಹೊಸತಲ್ಲ. ಏಕಾದಶಿಗೆ ಬಿಟ್ಟರು, ಜ್ವರ ಬಂದಾಗ ಬಿಟ್ಟರು, ಮನೆಯವರ ಮೇಲೆ ಮುನಿಸು ಬಂದಾಗಲೂ ಬಿಟ್ಟರು. ಬರಗಾಲ ಬಂದಾಗ ಅನ್ನವೇ ಅವರನ್ನು ಬಿಟ್ಟಿತು. ಆದರೆ ವಾಡೆಯಲ್ಲಿ ರಾಗಿ ತುಂಬಿರುವಾಗ, ಹೊಟ್ಟೆಯಲ್ಲಿ ಹಸಿವೂ ಇರುವಾಗ, ಕೋಪತಾಪಗಳೊಂದೂ ಇಲ್ಲದೆ ಮುದ್ದೆಯನ್ನು ಪಕ್ಕಕ್ಕೆ ತಳ್ಳುವ ವ್ರತ ಮಾತ್ರ ನಮ್ಮ ಕಾಲದ್ದು. ಈ ವ್ರತಕ್ಕೆ ‘ಲೋ ಕಾರ್ಬ್’ ಎಂದು ಹೆಸರು. ಪಿಷ್ಟ ಮತ್ತು ಸಕ್ಕರೆಯನ್ನು ತಗ್ಗಿಸಿ, ಮೊಟ್ಟೆ ಮಾಂಸ ತುಪ್ಪ ತರಕಾರಿಗಳಿಂದ ಹೊಟ್ಟೆ ತುಂಬಿಸಿಕೊಳ್ಳುವುದೇ ಇದರ ವಿಧಿ.

ವ್ರತ ನಮ್ಮ ಊರಿಗೆ ಹೊಸದಾದರೂ ಜಗತ್ತಿಗೆ ಹೊಸದಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಸ್ಥೂಲಕಾಯದ ಗೃಹಸ್ಥನು ತಾನು ಬ್ರೆಡ್ಡು, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ತೆಳ್ಳಗಾದ ಕಥೆಯನ್ನು 1863ರಲ್ಲೇ ಅಚ್ಚು ಹಾಕಿಸಿ ಹಂಚಿದನು. 1921ರಲ್ಲಿ ಅಮೆರಿಕದ ಡಾ. ರಸೆಲ್ ವೈಲ್ಡರ್ ಮೂರ್ಛೆರೋಗಿಗಳಿಗೆ ಇಂಥದೇ ಪಥ್ಯವನ್ನು ಸೂಚಿಸಿದರು. 1972ರಲ್ಲಿ ಡಾ. ಅಟ್ಕಿನ್ಸ್ ಬರೆದ ಪುಸ್ತಕ ಇದನ್ನು ಮನೆಮಾತಾಗಿಸಿತು. ಈ ಪಥ್ಯದಿಂದ ಅನೇಕರ ತೂಕ ಇಳಿದಿದೆ, ರಕ್ತದ ಸಕ್ಕರೆಯೂ ಇಳಿದಿದೆ. ಆದ್ದರಿಂದ ಪಥ್ಯದ ಮೇಲೆ ನನಗೆ ಜಗಳವಿಲ್ಲ. ಮುದ್ದೆಯ ಬೆನ್ನ ಹಿಂದೆ, ಯಾರಿಗೂ ಹೇಳದೆ ಮನೆ ಬಿಟ್ಟು ಹೋಗುವ ಉಪ್ಪುಗಳ ವಿಷಯವನ್ನಷ್ಟೇ ಇಲ್ಲಿ ಹೇಳಬೇಕಾಗಿದೆ.

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎನ್ನುತ್ತದೆ ಗಾದೆ. ದೇಹದೊಳಗೂ ಉಪ್ಪು ಮತ್ತು ನೀರು ಹೀಗೆಯೇ ಜೊತೆಗಾರರು. ನಾವು ಉಂಡ ಪಿಷ್ಟದ ಒಂದು ಪಾಲು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ದಾಸ್ತಾನಾಗಿರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಪಿಷ್ಟ ನಿಂತೊಡನೆ ದಾಸ್ತಾನು ಕರಗಿ ನೀರು ಹೊರಬೀಳುತ್ತದೆ. ಮೊದಲ ವಾರದಲ್ಲಿ ಇಳಿದ ತೂಕವೆಂದು ನಾವು ಹಿಗ್ಗುವುದರಲ್ಲಿ ಹೆಚ್ಚಿನದು ಈ ನೀರೇ. ಅದೇ ವೇಳೆಗೆ ರಕ್ತದಲ್ಲಿ ಇನ್ಸುಲಿನ್ ತಗ್ಗುತ್ತದೆ. ಸಕ್ಕರೆಯನ್ನು ನೋಡಿಕೊಳ್ಳುವುದರ ಜೊತೆಗೆ, ಸೋಡಿಯಮನ್ನು ಹಿಡಿದಿಟ್ಟುಕೊಳ್ಳಿರೆಂದು ಮೂತ್ರಪಿಂಡಗಳಿಗೆ ಹೇಳುವುದೂ ಇನ್ಸುಲಿನ್ನಿನ ಕೆಲಸ. ಹೇಳುವವನ ದನಿ ಕುಗ್ಗಿದ ಮೇಲೆ ಮೂತ್ರಪಿಂಡಗಳು ಕೈ ಸಡಿಲಿಸುತ್ತವೆ. ಸೋಡಿಯಂ ಮೂತ್ರದಲ್ಲಿ ಹೋಗುತ್ತದೆ. ಅದು ಅತಿಯಾದರೆ ದೇಹ ಗಾಬರಿಗೊಂಡು ಆಲ್ಡೊಸ್ಟೆರೋನ್ ಎಂಬ ಮತ್ತೊಂದು ರಸವನ್ನು ಹೆಚ್ಚಿಸುತ್ತದೆ. ಅದು ಸೋಡಿಯಮನ್ನು ಉಳಿಸುವ ಭರದಲ್ಲಿ ಪೊಟ್ಯಾಸಿಯಮನ್ನು ಹೊರಗೆ ಕಳುಹಿಸುತ್ತದೆ. ಹಸುವನ್ನು ಉಳಿಸಲು ಕರುವನ್ನು ಮಾರಿದ ಹಾಗೆ!

ಈ ವಿದ್ಯೆಯೆಲ್ಲ ಚರಿತ್ರೆ ಓದುವ ನನಗೆ ಬಂದದ್ದು ನನ್ನ ಸೋದರಮಾವನ ದೆಸೆಯಿಂದ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ, ರಕ್ತದ ಒತ್ತಡವೂ ಇದೆ. ಯಾರೋ ಹೇಳಿದರೆಂದು ಮುದ್ದೆಯನ್ನೂ ಅನ್ನವನ್ನೂ ಒಂದೇ ದಿನ ಬಿಟ್ಟು, ಮೊಟ್ಟೆ ಮತ್ತು ಕೋಳಿಯಲ್ಲಿ ಕಾಲ ಹಾಕತೊಡಗಿದರು. ಒತ್ತಡಕ್ಕೆ ಒಳ್ಳೆಯದೆಂದು ಉಪ್ಪನ್ನೂ ಬಿಟ್ಟರು. ಹದಿನೈದು ದಿನದಲ್ಲಿ ನಾಲ್ಕು ಕೆ.ಜಿ. ಇಳಿದರು. ಆಮೇಲೆ ಒಂದು ಸಂಜೆ, “ರಾತ್ರಿಯೆಲ್ಲ ಮೀನಖಂಡ ಹಿಡ್ಕೊತದೆ ಕಣ್ಲಾ, ಎದ್ದು ನಿಂತ್ರೆ ಕಣ್ಣು ಕತ್ತಲಾಯ್ತದೆ” ಎಂದರು. ಮರುದಿನ ಗದ್ದೆಯ ಬದುವಿನ ಮೇಲೆ ಕುಸಿದರು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ ಆದ್ದರಿಂದ ಚೀಟಿ ನನ್ನ ಕೈಗೆ ಬಂತು. ಪೊಟ್ಯಾಸಿಯಂ 3.1 ಎಂದಿತ್ತು, ಇರಬೇಕಾದದ್ದು 3.5ರಿಂದ 5. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಅರ್ಧಕ್ಕಿಂತ ಕಡಿಮೆ ಅಂಶದ ಈ ಕೊರತೆಗೆ ಒಬ್ಬ ಗಟ್ಟಿ ಆಳು ಬೀಳುವುದುಂಟೇ? ಉಂಟು. ದೇಹದ ಪೊಟ್ಯಾಸಿಯಮಿನಲ್ಲಿ ನೂರಕ್ಕೆ ಸುಮಾರು 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲಿ ಹರಿಯುವ ಉಳಿದ ಚಿಟಿಕೆಯನ್ನು ನೆಚ್ಚಿಕೊಂಡು ಸ್ನಾಯು ಬಿಗಿಯುತ್ತದೆ, ಹೃದಯ ಮಿಡಿಯುತ್ತದೆ. ಸೋಡಿಯಮನ್ನು ಹೊರಕ್ಕೂ ಪೊಟ್ಯಾಸಿಯಮನ್ನು ಒಳಕ್ಕೂ ಹಗಲಿರುಳು ದೂಡುವ ಪಂಪೊಂದು ಕೋಶದ ಗೋಡೆಯಲ್ಲಿದೆ. 1957ರಲ್ಲಿ ಅದನ್ನು ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಬಹುಮಾನ ಬಂತು.

ವೈದ್ಯರು ಮಾವನ ಮಾತ್ರೆಗಳನ್ನು ನೋಡಿದರು. ಒತ್ತಡದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಸೇರಿತ್ತು. ಅದೂ ಪೊಟ್ಯಾಸಿಯಮನ್ನು ಹೊರಹಾಕುವಂಥದು. “ಯಜಮಾನ್ರೇ, ಮುದ್ದೆ ಬಿಡೋ ಮುಂಚೆ ನಮ್ಮನ್ನ ಒಂದು ಮಾತು ಕೇಳಬೇಕಿತ್ತು. ಊಟ ಬದಲಾದರೆ ಮಾತ್ರೆಯೂ ಬದಲಾಗಬೇಕು” ಎಂದು ಹೇಳಿ, ಮಾತ್ರೆಯನ್ನು ಬದಲಿಸಿ, ಕೆಲವು ದಿನಕ್ಕೆಂದು ಪೊಟ್ಯಾಸಿಯಂ ಕ್ಲೋರೈಡಿನ ಒಂದು ಸೀಸೆ ಬರೆದುಕೊಟ್ಟರು.

ಹೆಸರು ಕೇಳಿ ಮಾವ ನಕ್ಕರು. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೂ ಹೆಚ್ಚಾಗಿ ಅದೇ ಪೊಟ್ಯಾಸಿಯಂ ಕ್ಲೋರೈಡು. ಬೆಳೆಯ ಎಲೆಯಂಚು ಸುಟ್ಟಂತಾದರೆ ಪೊಟ್ಯಾಷ್ ಸಾಲದೆಂದು ಅವರು ದೂರದಿಂದಲೇ ಹೇಳಬಲ್ಲರು. ತಮ್ಮ ಮೀನಖಂಡವೂ ಅದನ್ನೇ ಬೇಡುತ್ತಿದೆಯೆಂದು ಹೇಳುವವರು ಯಾರೂ ಇರಲಿಲ್ಲ. ಪೊಟ್ಯಾಷ್ ಎಂದರೆ ಮಡಕೆಯ ಬೂದಿ ಎಂದೇ ಅರ್ಥ. ಸೌದೆಯ ಬೂದಿಯನ್ನು ನೀರಲ್ಲಿ ಕದಡಿ, ಆ ತಿಳಿಯನ್ನು ಮಡಕೆಯಲ್ಲಿ ಕಾಯಿಸಿ ತೆಗೆಯುತ್ತಿದ್ದ ಕ್ಷಾರವದು. 1807ರಲ್ಲಿ ಹಂಫ್ರಿ ಡೇವಿ ಅದರೊಳಗೆ ವಿದ್ಯುತ್ತನ್ನು ಹಾಯಿಸಿ ಹೊಸ ಲೋಹವನ್ನು ಬೇರ್ಪಡಿಸಿದನು. ನಮ್ಮ ಅಜ್ಜಿಯರು ಪಾತ್ರೆ ಬೆಳಗುತ್ತಿದ್ದ ಒಲೆಯ ಬೂದಿಯಲ್ಲೂ ಇದ್ದದ್ದು ಅದೇ.

ಇನ್ನು ಲೆಕ್ಕಕ್ಕೆ ಬರೋಣ. ವಯಸ್ಕರಿಗೆ ದಿನಕ್ಕೆ ಕಡಮೆಯೆಂದರೂ 3510 ಮಿ.ಗ್ರಾಂ. ಪೊಟ್ಯಾಸಿಯಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿತು. ನೂರು ಗ್ರಾಂ ರಾಗಿಯಲ್ಲಿ ಅದು ಸುಮಾರು 400 ಮಿ.ಗ್ರಾಂ. ಇದೆ. ದಿನಕ್ಕೆ 200 ಗ್ರಾಂ ಹಿಟ್ಟಿನ ಮುದ್ದೆ ಉಣ್ಣುತ್ತಿದ್ದವನು ಅದನ್ನು ಬಿಟ್ಟರೆ ಪಿಷ್ಟದ ಜೊತೆಗೆ 800 ಮಿ.ಗ್ರಾಂ. ಪೊಟ್ಯಾಸಿಯಂ, ಸುಮಾರು 700 ಮಿ.ಗ್ರಾಂ. ಸುಣ್ಣಾಂಶ, 250 ಮಿ.ಗ್ರಾಂ.ಗೂ ಮಿಕ್ಕಿ ಮೆಗ್ನೀಸಿಯಂ ಕಳೆದುಕೊಳ್ಳುತ್ತಾನೆ. ಒಂದು ಕೋಳಿಮೊಟ್ಟೆ ಕೊಡುವ ಪೊಟ್ಯಾಸಿಯಂ 70 ಮಿ.ಗ್ರಾಂ.ನಷ್ಟು ಮಾತ್ರ. ಬಾಳೆಹಣ್ಣು ಒಂದಕ್ಕೆ 400 ಕೊಟ್ಟೀತು, ಆದರೆ ಅದರೊಡನೆ 25 ಗ್ರಾಂಗೂ ಮೀರಿ ಪಿಷ್ಟ, ಸಕ್ಕರೆ ಬರುತ್ತದೆ. ಒಂದು ಲೋಟ ಎಳನೀರಿನಲ್ಲಿ 400ರಿಂದ 500 ಉಂಟು, ಸಕ್ಕರೆ ಎಂಟು ಗ್ರಾಂ ಒಳಗೆ. ಕೊಡಗಿನ ಬೆಣ್ಣೆಹಣ್ಣಿನಲ್ಲಿ ನೂರು ಗ್ರಾಂಗೆ 480ರಷ್ಟಿದ್ದು ಪಿಷ್ಟ ತೀರ ಕಡಮೆ. ಬೆಲೆ ಮಾತ್ರ ವಿದ್ಯಾರ್ಥಿಗಳದಲ್ಲ. ಹಿತ್ತಿಲಲ್ಲಿ ಬಿಟ್ಟಿ ಬೆಳೆಯುವ ದಂಟಿನ ಸೊಪ್ಪು ನೂರು ಗ್ರಾಂಗೆ 500ಕ್ಕೂ ಹೆಚ್ಚು ಕೊಟ್ಟು ಎಲ್ಲರನ್ನೂ ಗೆಲ್ಲುತ್ತದೆ. ಮೆಗ್ನೀಸಿಯಮಿಗೆ ಸೊಪ್ಪಿನ ಜೊತೆಗೆ ಕುಂಬಳದ ಬೀಜ, ಕಡಲೆಕಾಯಿ ಇವೆ.

ಆದರೆ ಸೊಪ್ಪನ್ನು ಬೇಯಿಸಿದಾಗ ಪೊಟ್ಯಾಸಿಯಮಿನ ದೊಡ್ಡ ಪಾಲು ನೀರಿಗಿಳಿಯುತ್ತದೆ. ಆ ನೀರನ್ನು ಚೆಲ್ಲಿದವರು ಸತ್ವವನ್ನೇ ಚೆಲ್ಲಿದಂತೆ. ನಮ್ಮ ಸೀಮೆಯ ಹೆಂಗಸರು ಅದನ್ನು ಚೆಲ್ಲಲಿಲ್ಲ. ಸೊಪ್ಪು ಕಾಳು ಬೇಯಿಸಿ, ಬಸಿದು, ಬಸಿದ ನೀರಿಗೇ ಖಾರ ಹಾಕಿ ಬಸ್ಸಾರು ಮಾಡಿದರು; ಉಪ್ಪು ಸಾರು ಮಾಡಿದರು. ರಸಾಯನಶಾಸ್ತ್ರದ ಒಂದಕ್ಷರ ಬಾರದ ಅವರ ಕೈ, ಡೇವಿಯ ಲೋಹವನ್ನು ತಟ್ಟೆಯಲ್ಲಿ ಹಿಡಿದು ನಿಲ್ಲಿಸಿತು. ಮುದ್ದೆ ಬಿಡುವವರು ಮುದ್ದೆಯೊಂದನ್ನು ಬಿಟ್ಟು ಬಸ್ಸಾರನ್ನು ಉಳಿಸಿಕೊಳ್ಳಲಿ ಎಂಬುದೇ ನನ್ನ ಬಿನ್ನಹ.

ಹಾಗೆಂದು ಪೊಟ್ಯಾಸಿಯಮನ್ನು ತಾವೇ ಅಂಗಡಿಯಿಂದ ತಂದು ನುಂಗುವುದು ಸಲ್ಲ. ಕಡಮೆಯಾದರೆ ಕಾಲು ಹಿಡಿಯುವ ಈ ವಸ್ತು ವಿಪರೀತ ಹೆಚ್ಚಾದರೆ ಹೃದಯವನ್ನೇ ನಿಲ್ಲಿಸಬಲ್ಲದು. ಮೂತ್ರಪಿಂಡ ದುರ್ಬಲವಾದವರಿಗೂ, ಒತ್ತಡಕ್ಕಾಗಿ ಪೊಟ್ಯಾಸಿಯಮನ್ನು ಹಿಡಿದಿಡುವ ಕೆಲವು ಮಾತ್ರೆಗಳನ್ನು ನುಂಗುವವರಿಗೂ ಸೊಪ್ಪು ಎಳನೀರುಗಳೂ ಲೆಕ್ಕವಿಟ್ಟೇ ಆಗಬೇಕು. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡು ಬೆರೆತಿರುತ್ತದೆ. ಪೊಟ್ಟಣದ ಸಣ್ಣಕ್ಷರಗಳನ್ನು ಓದಬೇಕು. ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಪಿಷ್ಟವನ್ನು ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಸಣ್ಣಕ್ಷರಗಳನ್ನು ಓದಬೇಕೆಂದು ನಾನೇನೋ ಸುಲಭವಾಗಿ ಬರೆದೆ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಅವನ್ನು ಓದಬಲ್ಲವರು ನಾವೇ ಮೊದಲಿಗರು. ಪದವಿ ಪಡೆದು ನಾವು ಏನಾಗುವೆವೋ ಕಾಣೆ. ರಜೆಗೆ ಊರಿಗೆ ಹೋದಾಗ ಹಿರಿಯರ ಮಾತ್ರೆಯ ಚೀಟಿಯನ್ನೂ ತಟ್ಟೆಯನ್ನೂ ಒಟ್ಟಿಗೆ ಇಟ್ಟುಕೊಂಡು ಒಮ್ಮೆ ಓದಿ ಹೇಳಿದರೆ, ಓದಿಸಿದವರ ಋಣದಲ್ಲಿ ಒಂದು ಚಿಟಿಕೆಯಾದರೂ ತೀರೀತು.